ಮೆಟ್ಟಿಲ ಬುಡದ ಕಲ್ಲು: ಶ್ರೀಲಂಕಾದ ಹಳೆಯ ಪಟ್ಟಣಗಳಲ್ಲಿ ಒಂಬತ್ತು ದಿನ

ಶ್ರೀಲಂಕಾ ಪ್ಯಾಕೇಜ್ ಕೊಳ್ಳುವವರಲ್ಲಿ ಹೆಚ್ಚಿನವರು ಕಡಲತೀರ, ಚಹಾ ತೋಟ, ಅಶೋಕವನ ನೋಡಿ ಬರುತ್ತಾರೆ. ಈ ಪ್ರವಾಸ ಅದಲ್ಲ. ಇದು ಹಳೆಯ ರಾಜಧಾನಿಗಳ ದಾರಿ: ಅನುರಾಧಪುರ, ಸಿಗಿರಿಯಾ, ಪೊಲೊನ್ನರುವ, ಕ್ಯಾಂಡಿ, ಕೊನೆಗೆ ಗಾಲೆ ಕೋಟೆ. ಪೆಟ್ರೋಲು ಉಳಿಸಲು ಕ್ಯಾಂಡಿಯನ್ನು ಮೊದಲು ತೋರಿಸಿ ಅನುರಾಧಪುರವನ್ನು ಕೊನೆಗೆ ಇಡುವ ಟೂರ್‌ಗಳಿವೆ. ಒಪ್ಪಬೇಡಿ. ರಾಜ್ಯ ಯಾವ ಕ್ರಮದಲ್ಲಿ ಜಾಗ ಬದಲಿಸಿತೋ ಅದೇ ಕ್ರಮದಲ್ಲಿ ನೋಡಿದರೆ, ಮೂರನೇ ದಿನದ ಹೊತ್ತಿಗೆ ಗೈಡ್ ಬಾಯಿಬಿಡುವ ಮೊದಲೇ ಕಲ್ಲು ಯಾವ ಕಾಲದ್ದೆಂದು ನಿಮಗೇ ಗೊತ್ತಾಗತೊಡಗುತ್ತದೆ.

ಅದಕ್ಕೊಂದು ಸುಲಭದ ಗುರುತಿದೆ. ಇಲ್ಲಿಯ ಕಟ್ಟಡಗಳ ಮೆಟ್ಟಿಲ ಬುಡದಲ್ಲಿ ಅರ್ಧಚಂದ್ರಾಕಾರದ ಒಂದು ಚಪ್ಪಡಿ ಇರುತ್ತದೆ. ಸಿಂಹಳದಲ್ಲಿ ಅದಕ್ಕೆ ‘ಸಂದಕಡ ಪಹಣ’ ಅನ್ನುತ್ತಾರೆ. ಸಂದ ಅಂದರೆ ಚಂದ್ರ, ಪಹಣ ಅಂದರೆ ನಮ್ಮ ಪಾಷಾಣವೇ. ನಾವು ಚಂದ್ರಶಿಲೆ ಅನ್ನೋಣ. ಎಲ್ಲರೂ ತಲೆ ಎತ್ತಿ ಸ್ತೂಪ ನೋಡುತ್ತಾರೆ. ಕಾಲ ಬುಡ ನೋಡಿದವರಿಗೆ ಇತಿಹಾಸ ಬೇಗ ಸಿಗುತ್ತದೆ.

ಹೊರಡುವ ಮೊದಲು

ಫೆಬ್ರವರಿ, ಮಾರ್ಚ್ ಒಳ್ಳೆಯ ತಿಂಗಳುಗಳು. ನವೆಂಬರಿನಿಂದ ಜನವರಿವರೆಗೆ ಈಶಾನ್ಯ ಮಾರುತದ ಮಳೆ ಅನುರಾಧಪುರ, ಪೊಲೊನ್ನರುವ ಕಡೆ ಸುರಿಯುತ್ತದೆ. ಮೇ ತಿಂಗಳಿನಿಂದ ನೈಋತ್ಯ ಮಾರುತ ಗಾಲೆಯನ್ನು ಒದ್ದೆ ಮಾಡುತ್ತದೆ. ಎರಡರ ನಡುವಿನ ಬಿಸಿಲಿನಲ್ಲಿ ಹೋದರೆ ಇಡೀ ದಾರಿ ಒಣಗಿರುತ್ತದೆ.

ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿಕೊಳ್ಳಿ. ಪ್ರತಿ ಹುಣ್ಣಿಮೆಯೂ ‘ಪೋಯ’ ರಜೆ. ಅಂದು ಮದ್ಯ ಸಿಗುವುದಿಲ್ಲ. ಅನುರಾಧಪುರದಲ್ಲಿ ಬಿಳಿ ಬಟ್ಟೆಯ ಯಾತ್ರಿಕರ ಜಾತ್ರೆಯೇ ನೆರೆದಿರುತ್ತದೆ. ಆ ನೋಟ ಚೆಂದ, ಆದರೆ ವಾಹನ ನಿಲ್ಲಿಸಿ ನಡೆಯುವ ದೂರ ದುಪ್ಪಟ್ಟಾಗುತ್ತದೆ. ಜೂನ್ ತಿಂಗಳ ಪೊಸೊನ್ ಪೋಯದಂದು ಅನುರಾಧಪುರದ ಹತ್ತಿರದ ಮಿಹಿಂತಲೆ ಬೆಟ್ಟಕ್ಕೆ ಹೋಗುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಇ-ವೀಸಾಕ್ಕೆ ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಿ. ಅದರಂತೆಯೇ ಕಾಣುವ ಮಧ್ಯವರ್ತಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಭಾರತೀಯರಿಗೆ ಇಲ್ಲಿ ದೊಡ್ಡ ಲಾಭ ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟದ ದರ. ಮುಖ್ಯ ಪುರಾತತ್ವ ತಾಣಗಳಲ್ಲಿ ಸ್ಥಳೀಯರಿಗೊಂದು, ವಿದೇಶಿಯರಿಗೊಂದು, ಸಾರ್ಕ್ ದೇಶಗಳವರಿಗೆ ಮತ್ತೊಂದು ದರವಿದೆ. ನಮ್ಮದು ವಿದೇಶಿಯರದಕ್ಕಿಂತ ಬಹಳ ಕಡಿಮೆ. ಆದರೆ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಅದನ್ನು ಹೋಟೆಲಿನ ಲಾಕರಿನಲ್ಲಿಟ್ಟು ಬಂದು ಪೂರ್ತಿ ದರ ತೆರುವುದು ಸಾಮಾನ್ಯವಾಗಿ ಆಗುವ ತಪ್ಪು. ಪ್ಯಾಕೇಜಿನಲ್ಲಿ ‘ಪ್ರವೇಶ ಶುಲ್ಕ ಸೇರಿದೆ’ ಎಂದಿದ್ದರೆ ಯಾವ ದರ ಹಿಡಿದಿದ್ದಾರೆಂದು ಮೊದಲೇ ಕೇಳಿ.

ಗೈಡ್ ವಿಷಯವನ್ನೂ ಸ್ಪಷ್ಟ ಮಾಡಿಕೊಳ್ಳಿ. ಪ್ರವಾಸೋದ್ಯಮ ಪ್ರಾಧಿಕಾರದ ಪರವಾನಗಿ ಇರುವ ನ್ಯಾಷನಲ್ ಗೈಡ್ ಒಬ್ಬರು, ವಾಹನವನ್ನೂ ಓಡಿಸಿ ವಿವರಿಸುವ ಶೋಫರ್ ಗೈಡ್ ಇನ್ನೊಬ್ಬರು, ಬರೀ ಡ್ರೈವರ್ ಮತ್ತೊಬ್ಬರು. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಶೋಫರ್ ಗೈಡ್ ಸಾಕು. ಹೋಟೆಲುಗಳಲ್ಲಿ ಚಾಲಕರ ಕೊಠಡಿ ಇದೆಯೇ ಎಂದು ಬುಕಿಂಗ್ ಮಾಡುವಾಗಲೇ ವಿಚಾರಿಸಿ. ಇಲ್ಲದಿದ್ದರೆ ಅವರ ವಸತಿ ಖರ್ಚು ಯಾರದ್ದೆಂಬ ಮಾತು ರಾತ್ರಿ ಒಂಬತ್ತಕ್ಕೆ ಏಳುತ್ತದೆ.

ಚೀಲದಲ್ಲಿ ಎರಡು ಜೊತೆ ಹಳೆಯ ದಪ್ಪ ಕಾಲುಚೀಲ ಇರಲಿ. ಎಲ್ಲ ದೇಗುಲಗಳಲ್ಲಿ ಚಪ್ಪಲಿ ಬಿಡಬೇಕು, ಟೋಪಿಯನ್ನೂ ತೆಗೆಯಬೇಕು. ಹನ್ನೊಂದು ಗಂಟೆಯ ನಂತರ ಆ ಕಲ್ಲುಹಾಸು ಕಾದ ಹೆಂಚು. ಕಾಲುಚೀಲಕ್ಕೆ ಯಾರೂ ಬೇಡವೆನ್ನುವುದಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯುವುದನ್ನು ಅಲ್ಲಿಯವರು ಅವಮಾನವೆಂದೇ ತಿಳಿಯುತ್ತಾರೆ. ಕಾವಲುಗಾರರು ಫೋಟೋ ಅಳಿಸುವಂತೆ ಹೇಳಬಹುದು.

ಮೊದಲ ದಿನ: ನೆಗೊಂಬೊ

ಬೆಂಗಳೂರಿನಿಂದ ವಿಮಾನ ಹೆಚ್ಚುಕಡಿಮೆ ಒಂದೂವರೆ ಗಂಟೆ. ಗಡಿಯಾರ ಬದಲಿಸುವ ಕೆಲಸವಿಲ್ಲ. ಇಳಿಯುವುದು ಕಟುನಾಯಕದಲ್ಲಿ, ಕೊಲಂಬೊ ಅಲ್ಲಿಂದ ಮೂವತ್ತು ಕಿಲೋಮೀಟರು ದಕ್ಷಿಣಕ್ಕಿದೆ, ನಮ್ಮ ದಾರಿ ಇರುವುದು ಉತ್ತರಕ್ಕೆ. ಹಾಗಾಗಿ ಹತ್ತಿರದ ನೆಗೊಂಬೊದಲ್ಲಿ ತಂಗಿದರೆ ಮರುದಿನ ಎರಡು ಗಂಟೆ ಉಳಿಯುತ್ತದೆ. ಹಣ ಬದಲಾವಣೆ, ಸಿಮ್ ಎರಡನ್ನೂ ವಿಮಾನ ನಿಲ್ದಾಣದಲ್ಲೇ ಮುಗಿಸಿ. ಸಂಜೆ ಡಚ್ಚರ ಕಾಲುವೆಯ ದಂಡೆಯಲ್ಲಿ ಒಂದು ಸುತ್ತು ಹೋಗಿಬಂದರೆ ಸಾಕು.

ಸಸ್ಯಾಹಾರಿಗಳು ಇವತ್ತೇ ಕಲಿಯಬೇಕಾದ ಪದ ‘ಉಂಬಲಕಡ’. ಒಣಗಿಸಿ ಪುಡಿ ಮಾಡಿದ ಮೀನು ಅದು. ಕಾಯಿತುರಿಯ ಪೊಲ್ ಸಂಬೋಲಕ್ಕೂ ಸೊಪ್ಪಿನ ಪಲ್ಯಕ್ಕೂ ಅದನ್ನು ಮಸಾಲೆಯಂತೆ ಉದುರಿಸುತ್ತಾರೆ. ಹಾಕಿದವರ ಲೆಕ್ಕದಲ್ಲಿ ಅದು ಮೀನಿನ ಅಡುಗೆಯಲ್ಲ. ‘ವೆಜ್’ ಎಂದರೆ ಸಾಲದು. “ಮಾಳು ಎಪಾ, ಮಸ್ ಎಪಾ, ಉಂಬಲಕಡ ಎಪಾ” ಎನ್ನಿ: ಮೀನು ಬೇಡ, ಮಾಂಸ ಬೇಡ, ಉಂಬಲಕಡ ಬೇಡ. ಅನ್ನ, ಪರಿಪ್ಪು ಎಂಬ ತೆಂಗಿನಹಾಲಿನ ಬೇಳೆ, ಹಲಸಿನ ಎಳೆಗಾಯಿ ಸಾರು, ಬೆಳಗ್ಗೆ ನಮ್ಮ ಒತ್ತುಶಾವಿಗೆಯ ಅಣ್ಣನಂತಿರುವ ಇಡಿಯಾಪ್ಪ: ಈ ದೇಶದಲ್ಲಿ ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ. ಬೇಕರಿಯ ತ್ರಿಕೋನ ಬನ್ನಿನೊಳಗೆ ಮಾತ್ರ ಬಹುತೇಕ ಮೀನೇ ಇರುತ್ತದೆ.

ಎರಡನೇ ದಿನ: ಅನುರಾಧಪುರದ ಸಂಜೆ

ನೆಗೊಂಬೊದಿಂದ ಸುಮಾರು 170 ಕಿಲೋಮೀಟರು, ನಾಲ್ಕು ಗಂಟೆ. ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಇಲ್ಲಿ ಗಂಟೆಗೆ 40 ಕಿಲೋಮೀಟರು ಎಂದೇ ಲೆಕ್ಕ ಹಾಕಿ. ಮ್ಯಾಪ್ ಹೇಳುವ ಸಮಯವನ್ನು ನಂಬಿ ಕೂತರೆ ಊಟ ತಪ್ಪುತ್ತದೆ.

ಕ್ರಿಸ್ತಪೂರ್ವ ನಾಲ್ಕನೇ ಶತಮಾನದಿಂದ ಚೋಳರ ದಾಳಿಯವರೆಗೆ, ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ರಾಜಧಾನಿಯಾಗಿದ್ದ ಊರು ಇದು. ಇಲ್ಲಿ ಟಿಕೆಟಿನ ಒಂದು ಲೆಕ್ಕಾಚಾರವಿದೆ. ದುಬಾರಿ ಟಿಕೆಟನ್ನು ಕೇಳುವುದು ಅಭಯಗಿರಿ, ಜೇತವನ ಎಂಬ ಹಳೆಯ ವಿಹಾರಗಳು ಮತ್ತು ಮ್ಯೂಸಿಯಂಗಳ ಕಡೆ. ಇಸುರುಮುನಿಯ ಎಂಬ ಬಂಡೆಗುಡಿ ಮತ್ತು ಬೋಧಿವೃಕ್ಷಕ್ಕೆ ಬೇರೆ ಸಣ್ಣ ಶುಲ್ಕ. ಬಂದ ದಿನ ಮಧ್ಯಾಹ್ನವೇ ದೊಡ್ಡ ಟಿಕೆಟ್ ಕೊಂಡು ಎರಡು ಗಂಟೆಯಲ್ಲಿ ಎಲ್ಲವನ್ನೂ ಓಡಿ ನೋಡುವ ಬದಲು, ಸಂಜೆಗೆ ಇಸುರುಮುನಿಯ, ಬೋಧಿವೃಕ್ಷ, ರುವನ್ವೆಲಿಸಾಯ ಇಟ್ಟುಕೊಳ್ಳಿ. ದೊಡ್ಡ ಟಿಕೆಟನ್ನು ನಾಳೆ ಬೆಳಗ್ಗೆ ಕೊಳ್ಳಿ.

ಇಸುರುಮುನಿಯದಲ್ಲಿ ಬಂಡೆ ಕೆರೆಗೆ ಇಳಿಯುವಲ್ಲಿ ನೀರಾಟವಾಡುವ ಆನೆಗಳ ಉಬ್ಬುಶಿಲ್ಪವಿದೆ. ಹಿಂದೆಯೇ ತಿಸ್ಸ ವೆವ. ‘ವೆವ’ ಅಂದರೆ ಕೆರೆ. ಈ ಕೆರೆಗೆ ನೀರು ಬರುವುದು 87 ಕಿಲೋಮೀಟರು ಉದ್ದದ ಯೋಧ ಎಳ ಎಂಬ ಕಾಲುವೆಯಿಂದ, ಐದನೇ ಶತಮಾನದ ರಾಜ ಧಾತುಸೇನ ಕಟ್ಟಿಸಿದ ಕಲಾ ವೆವದಿಂದ. ಕಾಲುವೆಯ ಇಳಿಜಾರು ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರು ಮಾತ್ರ. ಹೆಚ್ಚಾದರೆ ಮಣ್ಣು ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಧಾತುಸೇನನ ಹೆಸರನ್ನು ನೆನಪಿಟ್ಟುಕೊಳ್ಳಿ. ನಾಳಿದ್ದು ಅವನ ಮಗ ಸಿಗುತ್ತಾನೆ.

ಶ್ರೀ ಮಹಾಬೋಧಿ, ಬುದ್ಧಗಯೆಯ ಮರದಿಂದ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಸಂಘಮಿತ್ರೆ ತಂದ ಸಸಿ ಎಂಬುದು ಪರಂಪರೆ. ದೊಡ್ಡ ಮರವನ್ನು ನಿರೀಕ್ಷಿಸಬೇಡಿ. ಚಿನ್ನದ ಬಣ್ಣದ ಊರೆಗೋಲುಗಳ ಮೇಲೆ ಒರಗಿದ ಸಣಕಲು ಕೊಂಬೆಗಳು ಅದರದ್ದು. ಸುತ್ತಲಿನ ದಟ್ಟ ಮರಗಳು ಅದಕ್ಕೆ ಗಾಳಿ ತಾಗದಂತೆ ಬೆಳೆಸಿದವು. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಲೋವಮಹಾಪಾಯ ಎಂಬ ಹಳೆಯ ಭಿಕ್ಷುಗೃಹದ 1600 ಕಲ್ಲುಕಂಬಗಳು, ಸಾಲಿಗೆ ನಲವತ್ತರಂತೆ ನಲವತ್ತು ಸಾಲು. ಮುಂದೆ ರುವನ್ವೆಲಿಸಾಯ, 103 ಮೀಟರಿನ ಬಿಳಿಯ ಗುಮ್ಮಟ. ಸಂಜೆ ಆರರ ಸುಮಾರಿಗೆ ಹೋದರೆ ಹಾಸುಗಲ್ಲು ತಣಿದಿರುತ್ತದೆ. ಭಕ್ತರು ತಾವರೆ, ನೈದಿಲೆ ಹಿಡಿದು ಪ್ರದಕ್ಷಿಣೆ ಬರುತ್ತಿರುತ್ತಾರೆ.

ಮೂರನೇ ದಿನ: ಅಭಯಗಿರಿಯ ಚಂದ್ರಶಿಲೆ, ಮಿಹಿಂತಲೆ

ಬೆಳಗ್ಗೆ ಏಳಕ್ಕೆ ಅಭಯಗಿರಿ. ‘ಮಹಾಸೇನನ ಅರಮನೆ’ ಎಂದು ಕರೆಯುವ, ನಿಜದಲ್ಲಿ ಭಿಕ್ಷುಗಳ ವಸತಿಯಾಗಿದ್ದ ಕಟ್ಟಡದ ಮೆಟ್ಟಿಲ ಬುಡದಲ್ಲಿ ದ್ವೀಪದ ಅತ್ಯುತ್ತಮ ಚಂದ್ರಶಿಲೆಗಳಲ್ಲೊಂದಿದೆ. ಸುತ್ತ ಕಂಬಿ ಹಾಕಿದ್ದಾರೆ. ಇದಕ್ಕೆ ಇಪ್ಪತ್ತು ನಿಮಿಷ ಕೊಡಿ. ಓರೆ ಬಿಸಿಲಿನಲ್ಲಿ ಗೆರೆಗಳಿಗೆ ನೆರಳು ಬೀಳುವುದು ಎಂಟು ಗಂಟೆಯೊಳಗೆ ಮಾತ್ರ. ನೆತ್ತಿಯ ಬಿಸಿಲಿಗೆ ಎಲ್ಲವೂ ಚಪ್ಪಟೆಯಾಗುತ್ತದೆ.

ಹೊರಗಿನಿಂದ ಒಳಕ್ಕೆ ಓದಬೇಕು. ಮೊದಲ ಪಟ್ಟಿ ಬೆಂಕಿಯ ನಾಲಗೆಗಳು. ಎರಡನೆಯದು ಒಂದರ ಹಿಂದೊಂದು ಓಡುವ ಆನೆ, ಕುದುರೆ, ಸಿಂಹ, ಎತ್ತು. ಆಮೇಲೆ ಸುತ್ತಿ ಹರಿಯುವ ಬಳ್ಳಿ. ಅದರೊಳಗೆ ಕೊಕ್ಕಿನಲ್ಲಿ ಚಿಗುರು ಕಚ್ಚಿದ ಹಂಸಗಳ ಸಾಲು. ಮತ್ತೆ ಸಣ್ಣದೊಂದು ಎಲೆಪಟ್ಟಿ, ನಡುವೆ ಅರ್ಧ ತಾವರೆ. ಆಸೆಯ ಬೆಂಕಿ, ಹುಟ್ಟು-ಮುಪ್ಪು-ರೋಗ-ಸಾವಿನ ಸುತ್ತು, ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸುವ ಹಂಸ, ಕೊನೆಗೆ ನಿರ್ವಾಣ: ಇದು ವಿದ್ವಾಂಸ ಸೆನರತ್ ಪರಣವಿತಾನ ಕೊಟ್ಟ ವ್ಯಾಖ್ಯಾನ, ಎಲ್ಲ ಗೈಡ್‌ಗಳೂ ಇದನ್ನೇ ಒಪ್ಪಿಸುತ್ತಾರೆ. ವ್ಯಾಖ್ಯಾನ ಬಿಟ್ಟರೂ ಎತ್ತನ್ನು ಮಾತ್ರ ಮರೆಯಬೇಡಿ. ಫೋಟೋ ತೆಗೆದಿಟ್ಟುಕೊಳ್ಳಿ, ನಾಡಿದ್ದು ಪೊಲೊನ್ನರುವದಲ್ಲಿ ಬೇಕಾಗುತ್ತದೆ.

ಅಲ್ಲಿಂದ ಕುಟ್ಟಂ ಪೊಕುಣ, ಅವಳಿ ಪುಷ್ಕರಣಿ. ದೊಡ್ಡದು ಸುಮಾರು 40 ಮೀಟರು ಉದ್ದ, ಚಿಕ್ಕದು 28. ಚಿಕ್ಕ ಕೊಳದ ತುದಿಯಲ್ಲಿ ಕಲ್ಲಿನ ಸಣ್ಣ ತೊಟ್ಟಿಗಳನ್ನು ಹುಡುಕಿ ನೋಡಿ. ಕಾಲುವೆಯ ನೀರು ನೇರ ಕೊಳಕ್ಕೆ ಬೀಳದೆ ಈ ತೊಟ್ಟಿಗಳಲ್ಲಿ ನಿಂತು, ಕೆಸರು ತಳಕ್ಕಿಳಿದ ಮೇಲೆ ಶಿಲ್ಪದ ಬಾಯಿಂದ ಹೊರಬರುತ್ತಿತ್ತು. ಹೆಚ್ಚಿನ ಗುಂಪುಗಳು ದಂಡೆಯ ಮೇಲೆ ನಿಂತು ‘ಸ್ವಿಮ್ಮಿಂಗ್ ಪೂಲ್’ ಎಂದು ಹೇಳಿಸಿಕೊಂಡು ಹೋಗಿಬಿಡುತ್ತವೆ.

ಜೇತವನ ಸ್ತೂಪ ಮಹಾಸೇನ ರಾಜನ ಕಾಲದ್ದು, ಮೂರನೇ ಶತಮಾನದ ಕೊನೆಯದು. ಮೊದಲು 122 ಮೀಟರು ಎತ್ತರವಿತ್ತು. ಗಿಜಾದ ಎರಡು ದೊಡ್ಡ ಪಿರಮಿಡ್ಡುಗಳನ್ನು ಬಿಟ್ಟರೆ ಆಗ ಇದಕ್ಕಿಂತ ಎತ್ತರದ್ದು ಇರಲಿಲ್ಲ. ಈಗ ಉಳಿದಿರುವುದು ಸುಮಾರು 71 ಮೀಟರು. ಒಳಗಿರುವುದು ಒಂಬತ್ತು ಕೋಟಿಗೂ ಹೆಚ್ಚು ಇಟ್ಟಿಗೆ ಎಂಬ ಅಂದಾಜಿದೆ.

ಊರು ಬಿಡುವ ಮೊದಲು ಕನ್ನಡಿಗರಿಗೆ ಸಂಬಂಧಪಟ್ಟ ಒಂದು ಮಾತು. ಇಲ್ಲಿಯ ರಾಜಕುಮಾರ ಮಾನವಮ್ಮ ದೇಶಭ್ರಷ್ಟನಾಗಿ ಕಂಚಿಗೆ ಹೋಗಿ ಪಲ್ಲವ ನರಸಿಂಹವರ್ಮನ ಆಸರೆ ಪಡೆದ. ‘ವಲ್ಲಭ’ನ ವಿರುದ್ಧದ ಯುದ್ಧದಲ್ಲಿ ಪಲ್ಲವನ ಪರ ಕಾದಾಡಿದ ಎಂದು ಸಿಂಹಳದ ಚರಿತ್ರೆ ಹೇಳುತ್ತದೆ. ಆ ವಲ್ಲಭ ನಮ್ಮ ಇಮ್ಮಡಿ ಪುಲಕೇಶಿ. ಬಾದಾಮಿ ಬಿದ್ದದ್ದು 642ರಲ್ಲಿ. ಆ ಸೇವೆಗೆ ಪ್ರತಿಯಾಗಿ ದೊರೆತ ಪಲ್ಲವ ಸೈನ್ಯದೊಂದಿಗೆ ಮಾನವಮ್ಮ ಅನುರಾಧಪುರದ ಪಟ್ಟಕ್ಕೇರಿದ.

ಮಧ್ಯಾಹ್ನ ಮೂರಕ್ಕೆ, 13 ಕಿಲೋಮೀಟರು ಪೂರ್ವದ ಮಿಹಿಂತಲೆ. ಮೆಟ್ಟಿಲು 1840; ಅರ್ಧ ಎತ್ತರದವರೆಗೆ ವಾಹನದ ದಾರಿಯೂ ಇದೆ, ಮಂಡಿನೋವಿನವರು ಅಲ್ಲಿಂದಲೇ ಹತ್ತಬಹುದು. ನಡುವಿನ ಹಂತದಲ್ಲಿ ಭಿಕ್ಷುಗಳ ಭೋಜನಶಾಲೆಯ ಅವಶೇಷವಿದೆ. ಅನ್ನ ತುಂಬುತ್ತಿದ್ದ ಉದ್ದನೆಯ ಕಲ್ಲಿನ ದೋಣಿ ಇನ್ನೂ ಅಲ್ಲೇ ಇದೆ. ಪಕ್ಕದಲ್ಲಿ ನಾಲ್ಕನೇ ಮಹಿಂದ ರಾಜನ ಎರಡು ಶಾಸನ ಫಲಕಗಳು, ಹತ್ತನೇ ಶತಮಾನದವು. ಮಠದ ಕೆಲಸಗಾರರ ಕರ್ತವ್ಯ, ಸಂಬಳಗಳನ್ನು ಸಾಲುಸಾಲಾಗಿ ಕೆತ್ತಿದ್ದಾರೆ.

ಐದರೊಳಗೆ ಕೆಳಗಿಳಿದು ಹಬರಣ ದಾರಿ ಹಿಡಿಯಬೇಕು. ಕತ್ತಲಾದ ಮೇಲೆ ಈ ರಸ್ತೆಗಳಿಗೆ ಕಾಡಾನೆ ಬರುತ್ತದೆ. ಡ್ರೈವರ್ ಅವಸರ ಮಾಡಿದರೆ ಸಿಟ್ಟಾಗಬೇಡಿ. ರಾತ್ರಿ ಸಿಗಿರಿಯಾದಲ್ಲಿ ತಂಗಬೇಕು. ಇನ್ನು ಮೂರು ರಾತ್ರಿ ಅದೇ ಕೋಣೆ.

ನಾಲ್ಕನೇ ದಿನ: ಸಿಗಿರಿಯಾ, ದಂಬುಲ್ಲ

ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಒಂಬತ್ತರ ಮೇಲೆ ಕಬ್ಬಿಣದ ಏಣಿಗಳಲ್ಲಿ ಸಾಲು ನಿಲ್ಲುತ್ತದೆ. ಹಿಂದೆ ತಿರುಗಲು ಜಾಗವಿರುವುದಿಲ್ಲ. ಮೆಟ್ಟಿಲು ಸುಮಾರು 1200, ಬಂಡೆ ಸುತ್ತಲಿನ ಬಯಲಿನಿಂದ 180 ಮೀಟರು ಮೇಲಕ್ಕೆ ಎದ್ದಿದೆ. ಆರಾಮವಾಗಿ ಹತ್ತಿ ಇಳಿಯಲು ಮೂರು ಗಂಟೆ. ತಲಾ ಒಂದು ಲೀಟರು ಕುಡಿಯುವ ನೀರು ಬೇಕು, ಮೇಲೆ ಅಂಗಡಿಯಿಲ್ಲ.

ತಂದೆ ಧಾತುಸೇನನನ್ನು ಕೊಂದು ಪಟ್ಟವೇರಿದ ಕಾಶ್ಯಪ, 477ರಿಂದ 495ರವರೆಗೆ ಇಲ್ಲಿಂದ ಆಳಿದ. ಬಚ್ಚಿಟ್ಟ ಸಂಪತ್ತು ಎಲ್ಲಿ ಎಂದು ಕೇಳಿದಾಗ ಧಾತುಸೇನ ಕಲಾ ವೆವದ ನೀರನ್ನು ಬೊಗಸೆಯಲ್ಲಿ ಎತ್ತಿ “ಇದೇ ನನ್ನ ಸಂಪತ್ತು” ಎಂದನೆಂಬ ಕಥೆಯಿದೆ. ಮಗ ನೀರಿನ ವಿದ್ಯೆಯನ್ನಂತೂ ಬಿಡಲಿಲ್ಲ. ಬುಡದ ಜಲೋದ್ಯಾನದಲ್ಲಿ ದುಂಡನೆಯ ಸುಣ್ಣಗಲ್ಲಿನ ಮುಚ್ಚಳಗಳಿವೆ, ರಂಧ್ರಗಳಿರುವವು. ಮೇಲಿನ ಕೊಳದ ನೀರಿನ ಒತ್ತಡದಿಂದಲೇ ಚಿಮ್ಮುವ ಕಾರಂಜಿಗಳು ಅವು; ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ.

ಸುರುಳಿ ಏಣಿ ಹತ್ತಿದರೆ ಬಂಡೆಯ ಪೊಟರೆಯಲ್ಲಿ ಅಪ್ಸರೆಯರ ಚಿತ್ರಗಳು. ಫೋಟೋ ನಿಷೇಧ, ಕಾವಲುಗಾರರು ಬಿಗಿ. ಒಬ್ಬ ಸ್ತ್ರೀಯ ಕೈಯನ್ನು ಚಿತ್ರಕಾರ ಮೊದಲು ಬೇರೆ ಭಂಗಿಯಲ್ಲಿ ಬರೆದು ಆಮೇಲೆ ತಿದ್ದಿದ ಗೆರೆ ಕಾಣುತ್ತದೆ. ಒದ್ದೆ ಗಾರೆಯ ಮೇಲೆ ಬೇಗ ಬರೆಯುವವನ ಕೈ ಅದು. ಕೆಳಗಿಳಿದರೆ ಕನ್ನಡಿಗೋಡೆ. ಸುಣ್ಣಗಾರೆಗೆ ಮೆರುಗು ಕೊಟ್ಟ ಈ ಗೋಡೆಯ ಮೇಲೆ ಶತಮಾನಗಳ ಕಾಲ ಬಂದುಹೋದವರು ಆ ಹೆಂಗಸರನ್ನು ಕುರಿತು ಪದ್ಯ ಗೀಚಿದ್ದಾರೆ. 685 ಬರಹಗಳನ್ನು ಪರಣವಿತಾನ ಓದಿ 1956ರಲ್ಲಿ ಪ್ರಕಟಿಸಿದರು. ಈಗ ಗೀಚಿದರೆ ಜೈಲು.

ಸಿಂಹದ ಪಂಜಗಳಿರುವ ಜಗಲಿಯಲ್ಲಿ ಬಲೆ ಹೊದಿಸಿದ ಪಂಜರವೊಂದು ಕಾಣುತ್ತದೆ. ಅದು ಮನುಷ್ಯರಿಗೆ. ಬಂಡೆಗೆ ಹೆಜ್ಜೇನು ಕಟ್ಟುತ್ತದೆ. ಅದು ಎದ್ದಾಗ ಒಳಗೆ ಸೇರಬೇಕು. ಕೂಗಾಟ, ಡ್ರೋನ್, ಗಾಢ ಸುಗಂಧ ಬೇಡ. ಎತ್ತರಕ್ಕೆ ಹೆದರುವವರು ಈ ಜಗಲಿಯಲ್ಲೇ ನಿಲ್ಲಬಹುದು. ಮುಂದಿನ ಏಣಿಯ ಸಂದಿಯಲ್ಲಿ ಕೆಳಗಿನ ಕಾಡು ಕಾಣುತ್ತದೆ.

ಮಧ್ಯಾಹ್ನ ಮಲಗಿ, ಮೂರೂವರೆಗೆ ದಂಬುಲ್ಲದ ಗುಹಾದೇವಾಲಯ. ಇಲ್ಲಿ ಆಗುವ ತಪ್ಪು ಒಂದೇ: ಟಿಕೆಟ್ ಇಲ್ಲದೆ ಹತ್ತುವುದು. ಮೇಲೆ ಕೊಡುವುದಿಲ್ಲ, ಕೆಳಗೆ ಕಳಿಸುತ್ತಾರೆ. ಹಳದಿ ಬಣ್ಣದ ದೊಡ್ಡ ಬುದ್ಧನ ಎದುರು ಇಳಿಸಿ ಹೋಗುವ ವಾಹನಗಳಿವೆ. ಇಳಿಯುವ ಮೊದಲು ಕೌಂಟರ್ ಯಾವ ಕಡೆಯೆಂದು ಕೇಳಿ. ಮಂಗಗಳಿಗೆ ಕೈಯಲ್ಲಿರುವ ಕವರ್ ಅಂದರೆ ತಿಂಡಿ ಎಂದೇ ಅರ್ಥ. ಐದು ಗುಹೆಗಳು, ನೂರೈವತ್ತರಷ್ಟು ಬುದ್ಧ ವಿಗ್ರಹಗಳು, 2100 ಚದರ ಮೀಟರು ವರ್ಣಚಿತ್ರ. ಎರಡನೇ ಗುಹೆಯಲ್ಲಿ ಕಂಬಿಯೊಳಗೊಂದು ಪಾತ್ರೆಯಿದೆ. ಮೇಲ್ಛಾವಣಿಯ ಬಿರುಕಿನಿಂದ ಹನಿಯುವ ನೀರು ಅದಕ್ಕೆ ಬೀಳುತ್ತದೆ, ಪೂಜೆಗೆ ಅದನ್ನೇ ಬಳಸುತ್ತಾರೆ. ಗುಂಪು ಹೊರಗೆ ಹೋಗುವವರೆಗೆ ಕಾದರೆ ಹನಿಯ ಸದ್ದು ಕೇಳುತ್ತದೆ.

ಐದನೇ ದಿನ: ಪೊಲೊನ್ನರುವ

ಏಳಕ್ಕೆ ಹೊರಟರೆ ಎಂಟೂವರೆಗೆ ಊರು. ಟಿಕೆಟ್ ಸಿಗುವುದು ತಾಣದ ಗೇಟಿನಲ್ಲಲ್ಲ, ಕೆರೆ ಏರಿಯ ಬಳಿಯ ಮ್ಯೂಸಿಯಂನಲ್ಲಿ. ಹೇಗೂ ಅಲ್ಲಿಗೆ ಹೋಗಬೇಕು. ಅರಮನೆ ಮತ್ತು ವಟದಾಗೆ ಎಂಬ ದುಂಡನೆಯ ಸ್ತೂಪಗೃಹದ ಮರದ ಚಾವಣಿ ಮೂಲದಲ್ಲಿ ಹೇಗಿತ್ತೆಂಬ ಮಾದರಿಗಳನ್ನು ನೋಡಿಕೊಂಡರೆ ಬೋಳು ಕಂಬಗಳು ಅರ್ಥವಾಗುತ್ತವೆ. ತಾಣ ಉತ್ತರ-ದಕ್ಷಿಣವಾಗಿ ನಾಲ್ಕು ಕಿಲೋಮೀಟರು ಹರಡಿದೆ. ನೆರಳಿನ ದಾರಿ, ಸಮತಟ್ಟು ನೆಲ; ಬಾಡಿಗೆ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಪ್ರವಾಸದಲ್ಲಿ ಬೇರೆ ಇಲ್ಲ.

ಮೊದಲು ಏರಿ ಹತ್ತಿ. ಪರಾಕ್ರಮ ಸಮುದ್ರ ಎಂಬ ಈ ಕೆರೆಯನ್ನು ದೊಡ್ಡದು ಮಾಡಿದವನು 1153ರಿಂದ 1186ರವರೆಗೆ ಆಳಿದ ಒಂದನೇ ಪರಾಕ್ರಮಬಾಹು. ಮಳೆಯ ಒಂದು ಹನಿಯೂ ಮನುಷ್ಯನಿಗೆ ಉಪಯೋಗವಾಗದೆ ಕಡಲು ಸೇರಬಾರದು ಎಂಬ ಮಾತು ಇವನದ್ದೆಂದೇ ಪ್ರಸಿದ್ಧ. ನಮ್ಮ ಕೆರೆಗಳ ತೂಬನ್ನು ಬಲ್ಲವರು ‘ಬಿಸೋಕೋಟುವ’ ಬಗ್ಗೆ ಗೈಡನ್ನು ಕೇಳಬೇಕು. ಏರಿಯ ಒಳಮೈಯಲ್ಲಿ ಕಲ್ಲುಕಟ್ಟಿದ ಚೌಕ ಬಾವಿ ಅದು. ಆಳದ ನೀರಿನ ಒತ್ತಡ ಆ ಬಾವಿಯಲ್ಲಿ ಮುರಿದು, ಆಮೇಲೆ ನೀರು ತೂಬಿನ ಕಾಲುವೆಗೆ ಇಳಿಯುತ್ತದೆ, ಏರಿ ಕೊರೆಯುವುದಿಲ್ಲ.

ಚೌಕದ ಆವರಣದಲ್ಲಿ ಆ ವಟದಾಗೆ. ಉತ್ತರ ಬಾಗಿಲಿನ ಚಂದ್ರಶಿಲೆಯ ಮುಂದೆ ನಿಂತು ಅಭಯಗಿರಿಯ ಫೋಟೋ ತೆರೆಯಿರಿ. ಅಲ್ಲಿ ಒಂದೇ ಪಟ್ಟಿಯಲ್ಲಿ ಓಡುತ್ತಿದ್ದ ಪ್ರಾಣಿಗಳು ಇಲ್ಲಿ ಬೇರೆ ಬೇರೆ ಪಟ್ಟಿಗಳಿಗೆ ಹಂಚಿಹೋಗಿವೆ: ಹಂಸಕ್ಕೊಂದು, ಆನೆಗೊಂದು, ಕುದುರೆಗೊಂದು. ಸಿಂಹ ಇಲ್ಲ, ಎತ್ತೂ ಇಲ್ಲ. ನಡುವೆ ಚೋಳರು ಇದೇ ಊರಿನಿಂದ ಆಳಿದ್ದರು, ಶಿವಾಲಯ ಕಟ್ಟಿದ್ದರು. ತುಳಿಯುವ ಕಲ್ಲಿನ ಮೇಲೆ ನಂದಿಯನ್ನು ಕೆತ್ತುವುದು ಸಲ್ಲದೆಂಬ ಭಾವನೆ ಬಂತು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಚೋಳರ ಕಾಲದ ಎರಡನೇ ಶಿವ ದೇವಾಲೆ ನೂರಾರು ಹೆಜ್ಜೆ ಆಚೆ ಇದೆ. ಪೂರ್ತಿ ಕಲ್ಲಿನದು, ಸಣ್ಣದು. ಇಟ್ಟಿಗೆಯ ಊರಿನಲ್ಲಿ ತಂಜಾವೂರಿನ ತುಂಡೊಂದು ಬಿದ್ದಂತಿದೆ.

ಚೋಳರನ್ನು ಹೊರಗಟ್ಟಿದವನು ಒಂದನೇ ವಿಜಯಬಾಹು, 1070ರಲ್ಲಿ. ಇವನ ಕಥೆಯಲ್ಲಿ ಮತ್ತೆ ಕರ್ನಾಟಕ ಬರುತ್ತದೆ. ಚೋಳನ ಶತ್ರುವಾದ ‘ಕಣ್ಣಾಟ’ದ ರಾಜ ಉಡುಗೊರೆ ಕಳಿಸಿದ, ಪ್ರತಿಯಾಗಿ ವಿಜಯಬಾಹು ಕಳಿಸಿದ ದೂತರ ಕಿವಿ ಮೂಗುಗಳನ್ನು ಚೋಳರು ತಮ್ಮ ಸೀಮೆಯಲ್ಲಿ ಕೊಯ್ದರು. ಆ ಕನ್ನಡ ರಾಜ ಕಲ್ಯಾಣದ ಆರನೇ ವಿಕ್ರಮಾದಿತ್ಯನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಕೆರಳಿದ ವಿಜಯಬಾಹು ಚೋಳನ ದೂತರಿಗೆ ಹೆಣ್ಣುಡುಗೆ ತೊಡಿಸಿ ಹಿಂದಕ್ಕೆ ಅಟ್ಟಿದ.

ಗಲ್ ವಿಹಾರವನ್ನು ಮೂರೂವರೆಯ ನಂತರಕ್ಕೆ ಇಡಿ. ಒಂದೇ ಬಂಡೆಯಲ್ಲಿ ನಾಲ್ಕು ವಿಗ್ರಹ. ಮಲಗಿದ ಬುದ್ಧ ಸುಮಾರು 14 ಮೀಟರು, ಕೈಕಟ್ಟಿ ನಿಂತದ್ದು ಏಳು. ಬಂಡೆಯ ಪದರಗಳ ಕಪ್ಪು ಗೆರೆಗಳು ಮುಖದ ಮೇಲೂ ಅಲೆಯಾಗಿ ಹಾದುಹೋಗುತ್ತವೆ. ಶಿಲ್ಪಿ ಅದನ್ನು ಮುಚ್ಚಲು ಹೋಗಿಲ್ಲ. ಮಲಗಿದ ಮೂರ್ತಿಯ ಪಾದಗಳನ್ನು ನೋಡಿ. ಎರಡು ಪಾದಗಳ ಹೆಬ್ಬೆರಳು ಸಮನಾಗಿಲ್ಲ, ಮೇಲಿನದು ಸ್ವಲ್ಪ ಹಿಂದೆ ಸರಿದಿದೆ. ಸಮನಾಗಿದ್ದರೆ ನಿದ್ರೆ, ಸರಿದಿದ್ದರೆ ಪರಿನಿರ್ವಾಣ. ತಲೆಯ ಭಾರಕ್ಕೆ ದಿಂಬು ಕುಸಿದದ್ದನ್ನೂ ಕಲ್ಲಿನಲ್ಲೇ ತೋರಿಸಿದ್ದಾನೆ.

ಆರನೇ ದಿನ: ಕ್ಯಾಂಡಿಗೆ

ದಾರಿಯಲ್ಲಿ ನಾಲಂದ ಗೆಡಿಗೆ ಎಂಬ ಪುಟ್ಟ ಕಲ್ಲಿನ ಗುಡಿ; ಪಟ್ಟದಕಲ್ಲು ನೋಡಿದವರಿಗೆ ಪರಿಚಿತ ಮುಖ. ಜಲಾಶಯದಲ್ಲಿ ಮುಳುಗಬೇಕಿದ್ದ ಇದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಏರಿಯ ಮೇಲೆ ಮತ್ತೆ ಕಟ್ಟಿದರು, 1980ರಲ್ಲಿ ಮುಗಿಯಿತು. ಮುಂದೆ ಆಲುವಿಹಾರ, ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ತ್ರಿಪಿಟಕವನ್ನು ಮೊದಲ ಬಾರಿಗೆ ತಾಳೆಗರಿಯ ಮೇಲೆ ಇಳಿಸಿದ ಜಾಗ. ಕಂಟದಲ್ಲಿ ಗೀರಿ, ಮಸಿಯೆಣ್ಣೆ ಸವರಿ, ಒರೆಸಿ ಅಕ್ಷರ ಮೂಡಿಸುವುದನ್ನು ಈಗಲೂ ತೋರಿಸುತ್ತಾರೆ.

ಮಾತಲೆಯ ಸುತ್ತ ‘ಸ್ಪೈಸ್ ಗಾರ್ಡನ್’ಗಳ ಸಾಲು. ಉಚಿತ ಪ್ರವೇಶ, ಉಚಿತ ಮಸಾಜ್, ಕೊನೆಗೆ ನಾಲ್ಕು ಪಟ್ಟು ಬೆಲೆಯ ಎಣ್ಣೆ ಬಾಟಲಿ. ಗೈಡ್‌ಗೆ ಕಮಿಷನ್ ಇರುತ್ತದೆ. ಮಲೆನಾಡಿನವರಿಗೆ ಏಲಕ್ಕಿ, ಮೆಣಸಿನ ಬಳ್ಳಿ ತೋರಿಸಲು ಒಂದು ಗಂಟೆ ಬೇಕಿಲ್ಲ. “ಶಾಪಿಂಗ್ ನಿಲುಗಡೆ ಬೇಡ” ಎಂದು ಮೊದಲ ದಿನವೇ ಹೇಳಿಬಿಟ್ಟರೆ ಮನಸ್ತಾಪವಿಲ್ಲ.

ಸಂಜೆ ಆರೂವರೆಯ ಪೂಜೆಗೆ, ಬುದ್ಧನ ಹಲ್ಲನ್ನು ಇಟ್ಟಿರುವ ದಂತ ದೇವಾಲಯದಲ್ಲಿ ಐದೂಮುಕ್ಕಾಲಿಗೇ ಇರಬೇಕು. ಕೆಳಗೆ ಡೋಲು ಬಾರಿಸುವವರ ಬಳಿ ಎಲ್ಲರೂ ಮೊಬೈಲ್ ಎತ್ತಿ ನಿಲ್ಲುತ್ತಾರೆ. ಆಗಲೇ ಮೇಲಿನ ಸಾಲಿಗೆ ಸೇರಿದರೆ ಅರ್ಧ ಗಂಟೆ ಉಳಿಯುತ್ತದೆ. ಕಾಣುವುದು ಹಲ್ಲಲ್ಲ, ಚಿನ್ನದ ಕರಂಡಕ. ಅದೂ ಮೂರು ನಾಲ್ಕು ಸೆಕೆಂಡು. ಹೊರಬಾಗಿಲಿನ ಚಂದ್ರಶಿಲೆ ನೋಡಲು ಮರೆಯಬೇಡಿ. ಪ್ರಾಣಿಗಳೆಲ್ಲ ಮಾಯ, ಕ್ಯಾಂಡಿ ಕಾಲಕ್ಕೆ ಅರ್ಧವೃತ್ತವೂ ಕರಗಿ ತ್ರಿಕೋನದತ್ತ ವಾಲಿ, ತಾವರೆ ಮತ್ತು ಬಳ್ಳಿಯಷ್ಟೇ ಉಳಿಯಿತು. ಇಲ್ಲಿಯ ಕಲ್ಲು ಹೊಸದು: 1998ರ ಬಾಂಬ್ ದಾಳಿಯಲ್ಲಿ ಬಾಗಿಲಿನ ಜೊತೆಗೆ ಹಳೆಯದು ಹೋಯಿತು.

ಏಳನೇ ದಿನ: ಎಂಬೆಕ್ಕೆಯ ಮರ

ಕ್ಯಾಂಡಿಯ ಹೊರಗಿನ ಮೂರು ಹದಿನಾಲ್ಕನೇ ಶತಮಾನದ ಗುಡಿಗಳಿಗೆ ಅರ್ಧ ದಿನ ಸಾಕು: ಗಡಲಾದೆಣಿಯ, ಲಂಕಾತಿಲಕ, ಎಂಬೆಕ್ಕೆ. ಪ್ಯಾಕೇಜಿನಲ್ಲಿ ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಿ. ಎಂಬೆಕ್ಕೆಯ ಡೋಲು ಮಂಟಪದ ಮರದ ಕಂಬಗಳಲ್ಲಿ ಚೌಕ ಚೌಕಗಳಾಗಿ ಕೆತ್ತನೆ. ಮಲ್ಲರು, ನರ್ತಕಿ, ಹಂಸ. ಒಂದು ಚೌಕದಲ್ಲಿ ಎರಡು ತಲೆಯ ಹಕ್ಕಿ. ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಮೈಮೇಲೆ ದಿನವೂ ನೋಡುವ ಗಂಡಭೇರುಂಡವೇ. ಅವರೂ ‘ಭೇರುಂಡ ಪಕ್ಷಿ’ ಅನ್ನುತ್ತಾರೆ.

ಆಮೇಲೆ ತಲೆ ಎತ್ತಿ. ಮಂಟಪದ ತುದಿಯಲ್ಲಿ 26 ಜಂತಿಗಳು ಬೀಸಣಿಗೆಯಂತೆ ಬಂದು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಅಲ್ಲಿ ಎಲ್ಲವನ್ನೂ ಹಿಡಿದಿರುವುದು ‘ಮಡೋಲ್ ಕುರುಪಾವ’ ಎಂಬ ಮರದ ಒಂದೇ ಗೂಟ. ಗೂಟ ಎಳೆದರೆ ಆ ತುದಿಯ ಜಂತಿಗಳೆಲ್ಲ ಸಡಿಲ.

ಎಂಟನೇ ದಿನ: ಕೊಲಂಬೊ ಮೂಲಕ ಗಾಲೆ

ಉದ್ದದ ದಿನ. ಬೆಳಗ್ಗೆ ಆರೂವರೆಗೆ ಹೊರಟರೆ ಹತ್ತೂವರೆಗೆ ಕೊಲಂಬೊ ರಾಷ್ಟ್ರೀಯ ಮ್ಯೂಸಿಯಂ. ಒಂದೂವರೆ ಗಂಟೆ ಕೊಡಿ. ಕ್ಯಾಂಡಿಯ ಕೊನೆಯ ರಾಜರ ಸಿಂಹಾಸನ ಇಲ್ಲಿದೆ, ಬ್ರಿಟಿಷರು 1815ರಲ್ಲಿ ಒಯ್ದು 1934ರಲ್ಲಿ ಹಿಂತಿರುಗಿಸಿದ್ದು. ಅದಕ್ಕಿಂತ ನೋಡಬೇಕಾದ್ದು ಗಾಲೆಯ ತ್ರಿಭಾಷಾ ಶಾಸನ. ಚೀನಾದ ನೌಕಾಧಿಪತಿ ಝೆಂಗ್ ಹೆ ತಂದ ಕಲ್ಲು, 1409ರದು. ಚೀನಿಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಷಿಯನ್ನಿನಲ್ಲಿ ಅಲ್ಲಾಹನಿಗೆ ಕಾಣಿಕೆಯ ಪಟ್ಟಿ. 1911ರಲ್ಲಿ ಸಿಕ್ಕಿದಾಗ ಗಾಲೆಯಲ್ಲಿ ಚರಂಡಿಯ ಮುಚ್ಚಳವಾಗಿತ್ತು.

ದಕ್ಷಿಣ ಎಕ್ಸ್‌ಪ್ರೆಸ್‌ವೇಯಲ್ಲಿ ಗಾಲೆ ಎರಡು ಗಂಟೆಯೊಳಗೆ. ಕೋಟೆಯ ಒಳಗೇ ತಂಗಿ. ದೊಡ್ಡ ಬಸ್ಸು ಬಾಗಿಲವರೆಗೆ ಬರುವುದಿಲ್ಲ, ಸೂಟ್‌ಕೇಸ್ ಉರುಳಿಸಬೇಕಾಗಬಹುದು.

ಒಂಬತ್ತನೇ ದಿನ: ಗಾಲೆ ಕೋಟೆ

ಆರಕ್ಕೆ ಎದ್ದು ಗೋಡೆಯ ಮೇಲೆ ಒಂದು ಸುತ್ತು, ಎರಡು ಗಂಟೆ. ಪೋರ್ಚುಗೀಸರು ಶುರು ಮಾಡಿದ್ದನ್ನು 1640ರಲ್ಲಿ ಗೆದ್ದ ಡಚ್ಚರು ಪೂರ್ತಿ ಕಟ್ಟಿದರು. ಈ ಗೋಡೆಯೇ 2004ರ ಸುನಾಮಿಯಲ್ಲಿ ಒಳಗಿನ ಬೀದಿಗಳನ್ನು ಉಳಿಸಿತು, ಹೊರಗಿನ ಹೊಸ ಪಟ್ಟಣ ಕೊಚ್ಚಿಹೋಯಿತು. ಕಡಲ ಉಬ್ಬರದ ನೀರನ್ನೇ ಒಳಗೆ ಬಿಟ್ಟು ತೊಳೆಯುವಂತೆ ಡಚ್ಚರು ಮಾಡಿದ ನೆಲದಡಿಯ ಚರಂಡಿ ಬೀದಿಗಳ ಕೆಳಗಿದೆ. ಹಳೆಯ ಬಾಗಿಲಿನ ಒಳಮುಖದಲ್ಲಿ 1669ರ ಡಚ್ ಕಂಪನಿಯ ಲಾಂಛನ, ಮೇಲೆ ಒಂದು ಹುಂಜ. ‘ಗಾಲೆ’ಯನ್ನು ಪೋರ್ಚುಗೀಸಿನಲ್ಲಿ ಹುಂಜ ಎಂಬರ್ಥದ ‘ಗಾಲೊ’ ಎಂದು ಕೇಳಿಸಿಕೊಂಡ ಫಲ. ಅದೇ ಬಾಗಿಲಿನ ಹೊರಮುಖದಲ್ಲಿ ಬ್ರಿಟಿಷರದ್ದು. ಬುರುಜಿನಿಂದ ಕಡಲಿಗೆ ಹಾರಿ ತೋರಿಸುತ್ತೇವೆಂದು ಹಣ ಕೇಳುವ ಹುಡುಗರಿಗೆ ಪ್ರೋತ್ಸಾಹ ಬೇಡ, ಕೆಳಗೆ ಬಂಡೆಗಳಿವೆ.

ಒಂಬತ್ತರ ನಂತರ 1755ರ ಡಚ್ ಇಗರ್ಜಿ, ಗ್ರೋಟೆ ಕೆರ್ಕ್. ವಿಮಾನ ನಿಲ್ದಾಣಕ್ಕೆ ಇಲ್ಲಿಂದ 150 ಕಿಲೋಮೀಟರು, ಪೂರ್ತಿ ಎಕ್ಸ್‌ಪ್ರೆಸ್‌ವೇ. ವಿಮಾನಕ್ಕೆ ಆರು ಗಂಟೆ ಮೊದಲು ಗಾಲೆ ಬಿಟ್ಟರೆ ಸಾಕು. ಅಷ್ಟರೊಳಗೆ ಇಗರ್ಜಿಯ ನೆಲ ನೋಡಿ. ಹಾಸಿರುವುದು ಸಮಾಧಿಯ ಚಪ್ಪಡಿಗಳು: ಮನೆತನದ ಲಾಂಛನ, ತಲೆಬುರುಡೆ, ಅಡ್ಡ ಎಲುಬು, ಬಳ್ಳಿಯ ಅಂಚು, ಡಚ್ ಅಕ್ಷರ. ನಡುದಾರಿಯಲ್ಲಿ ಹೋದವರ ಕಾಲಿಗೆ ಕೆಲವು ಹೆಸರು ಅಳಿಸಿಹೋಗಿವೆ. ಗೋಡೆಯ ಅಂಚಿನವು ಇನ್ನೂ ಓದುವಂತಿವೆ.